ಬೆಕ್ಕು ಮನೆಯ ಸಾಮಾನುಗಳನ್ನು ಉರುಳಿಸುವುದೇಕೆ?

ಬೆಕ್ಕು ಸಾಕಿದ ಮನೆಯಲ್ಲಿ ಮೇಜಿನ ಅಂಚಿನ ಗಾಜಿನ ಲೋಟಕ್ಕೂ ಹಾಸಿಗೆಯ ಬದಿಯ ಔಷಧದ ಸೀಸೆಗೂ ನೆಮ್ಮದಿಯಿಲ್ಲ. ಮುಂಗಾಲಿನಿಂದ ಮೆಲ್ಲನೆ ತಟ್ಟಿ, ಅಂಚಿಗೆ ಸರಿಸಿ, ಕೆಳಗೆ ಕೆಡವಿ, ಬಿದ್ದ ಸದ್ದನ್ನು ಕಿವಿ ನಿಮಿರಿಸಿ ಕೇಳುವ ಬೆಕ್ಕನ್ನು ಕಂಡು, ಅದು ಹಟದಿಂದಲೇ ಹೀಗೆ ಮಾಡುತ್ತಿದೆಯೆಂದು ಮನೆಯವರು ಮುನಿಯುವುದುಂಟು. ಈ ವರ್ತನೆಗೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ದೃಷ್ಟಿ. ಮಬ್ಬುಬೆಳಕಿನಲ್ಲಿ ಬೆಕ್ಕು ಮನುಷ್ಯನಿಗಿಂತ ಚೆನ್ನಾಗಿ ಕಾಣಬಲ್ಲದು. ಆದರೆ ಸುಮಾರು 25 ಸೆಂಟಿಮೀಟರಿಗಿಂತ ಸಮೀಪದ ವಸ್ತು ಅದಕ್ಕೆ ಸ್ಪಷ್ಟವಾಗಿ ಕಾಣದು. ಮುಖದ ಮುಂದಿರುವುದನ್ನು ಅರಿಯಲು ಅದು ಮೀಸೆಯನ್ನೂ ಮುಂಗಾಲನ್ನೂ ಅವಲಂಬಿಸುತ್ತದೆ. ಪಾದದ ಮೆತ್ತೆಗಳು ಸ್ಪರ್ಶಕ್ಕೆ ಬಹು ಸೂಕ್ಷ್ಮವಾಗಿರುವುದೇ ಇದಕ್ಕೆ ಕಾರಣ.

ಎರಡನೆಯದು ಬೇಟೆಯ ಪ್ರವೃತ್ತಿ. ಹಿಡಿದ ಇಲಿ ಸತ್ತಿದೆಯೋ ಬದುಕಿದೆಯೋ ಎಂದು ಬೆಕ್ಕು ಅದನ್ನು ತಟ್ಟಿ ನೋಡುತ್ತದೆ. ಉರುಳುವ ಪೆನ್ನು, ಅಲುಗಾಡುವ ಮುಚ್ಚಳ ಇವೂ ಅದೇ ಪ್ರವೃತ್ತಿಯನ್ನು ಕೆರಳಿಸುತ್ತವೆ. ದಿನವಿಡೀ ಬಾಗಿಲು ಮುಚ್ಚಿದ ಫ್ಲ್ಯಾಟಿನಲ್ಲಿರುವ ಬೆಕ್ಕಿಗೆ ಬೇರೆ ಬೇಟೆಯೇ ಇರುವುದಿಲ್ಲ.

ಮೂರನೆಯದು ಕಲಿಕೆ. 1898ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಆಕಸ್ಮಿಕವಾಗಿ ದಾರ ಎಳೆದು ಬಾಗಿಲು ತೆರೆದ ಬೆಕ್ಕು, ಹೊರಗೆ ಆಹಾರ ದೊರೆತದ್ದರಿಂದ, ಕ್ರಮೇಣ ಆ ಕೆಲಸವನ್ನು ಬೇಗಬೇಗನೆ ಮಾಡತೊಡಗಿತು. ಮನೆಯಲ್ಲಿ ನಡೆಯುವುದೂ ಇದೇ. ಲೋಟ ಬಿದ್ದೊಡನೆ ಗೃಹಿಣಿ ಅಡಿಗೆಮನೆಯಿಂದ ಓಡಿ ಬರುತ್ತಾಳೆ. ಕೆಲವೊಮ್ಮೆ ಊಟವನ್ನೂ ಬಡಿಸುತ್ತಾಳೆ. ಲಾಭ ತಂದ ವ್ಯವಹಾರವನ್ನು ಯಾರು ತಾನೆ ಬಿಟ್ಟಾರು?

ಇದನ್ನು ಕೇವಲ ವಿನೋದವೆಂದು ಬಗೆಯಲಾಗದು. ಮುಂಬಯಿಯಂತಹ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಕಿಟಕಿಯಂಚಿನ ಹೂಕುಂಡ ಬಿದ್ದರೆ ಕೆಳಗೆ ನಡೆಯುವವರ ಪ್ರಾಣಕ್ಕೇ ಕುತ್ತು. ಜ್ವರಕ್ಕೆಂದು ತಂದಿಟ್ಟ ಪ್ಯಾರಾಸಿಟಮಾಲ್ ಮಾತ್ರೆ ನೆಲಕ್ಕುರುಳಿದರೆ ಬೆಕ್ಕಿಗೇ ಅಪಾಯ. ಆ ಔಷಧವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಮಾರಕವಾಗಬಲ್ಲದು. ರಕ್ತವು ಆಮ್ಲಜನಕವನ್ನು ಸಾಗಿಸಲಾರದಂತಾಗಿ ಒಸಡುಗಳು ಕಂದುಬಣ್ಣಕ್ಕೆ ತಿರುಗುತ್ತವೆ, ಮುಖ ಊದಿಕೊಳ್ಳುತ್ತದೆ. ಬೆಕ್ಕು ಮಾತ್ರೆಯನ್ನು ತಿಂದಿರಬಹುದೆಂಬ ಸಂಶಯ ಬಂದರೂ ಈ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹೊಡೆಯುವುದರಿಂದ ಬೆಕ್ಕಿಗೆ ಭಯ ಹುಟ್ಟೀತೇ ಹೊರತು ಅಭ್ಯಾಸ ತಪ್ಪದು. ಬಿದ್ದದ್ದನ್ನು ಸದ್ದಿಲ್ಲದೆ ಗುಡಿಸಿ, ಬೆಕ್ಕಿನತ್ತ ಗಮನ ಕೊಡದಿರುವುದೇ ಮೇಲು. ಊಟವನ್ನು ನಿಗದಿತ ವೇಳೆಗೆ ಕೊಡಬೇಕು. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಬಟ್ಟೆಯ ಚೆಂಡಿನಿಂದ ಆಡಿಸಬೇಕು. ದಾರವನ್ನು ನುಂಗಿದರೆ ಕರುಳಿಗೆ ಅಪಾಯವಾದ್ದರಿಂದ ಆಟ ಮುಗಿದೊಡನೆ ಅದನ್ನು ಎತ್ತಿಡಬೇಕು. ವಯಸ್ಸಾದ ಬೆಕ್ಕು ಹಠಾತ್ತನೆ ಚಡಪಡಿಸತೊಡಗಿ, ಹೆಚ್ಚು ತಿಂದರೂ ಸೊರಗುತ್ತಿದ್ದರೆ ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ವೈದ್ಯರಿಗೆ ತೋರಿಸುವುದು ಅಗತ್ಯ.

ಎಲ್ಲಕ್ಕಿಂತ ಮೊದಲು ಮೇಜು, ಕಿಟಕಿಗಳ ಅಂಚನ್ನು ತೆರವಾಗಿಟ್ಟು, ಔಷಧಗಳನ್ನು ಬಾಗಿಲುಳ್ಳ ಕಪಾಟಿನಲ್ಲಿ ಇಡುವುದು ಲೇಸು. ಈ ಒಂದು ಅಭ್ಯಾಸದಿಂದ ಬೆಕ್ಕಿನೊಡನೆ ಮನೆಯ ಮಕ್ಕಳಿಗೂ ರಕ್ಷಣೆ ದೊರೆಯುತ್ತದೆ.