ಚೈನ್‌ಸಾ ಯಂತ್ರದ ಹರಿದ ಹಗ್ಗ: ಮನೆಯಲ್ಲಿಯೇ ದುರಸ್ತಿ



ಮುಂಗಾರಿಗೆ ಮುನ್ನ ನೆರಳುಮರ ಸವರುವ ಕಾಲದಲ್ಲಿ, ಸಂಘದ ಕಛೇರಿಗೆ ಹಗ್ಗ ಹರಿದ ಚೈನ್‌ಸಾ ಹಿಡಿದುಕೊಂಡು ಬರುವ ಸದಸ್ಯರು ಪ್ರತಿ ವರ್ಷವೂ ಇದ್ದಾರೆ. ಪೇಟೆಯ ಮೆಕ್ಯಾನಿಕ್ಕಿನ ಬಳಿ ಯಂತ್ರ ಬಿಟ್ಟು ಬಂದರೆ ಕೆಲಸದವರ ಎರಡು ದಿನದ ಕೂಲಿ ದಂಡ. ಈ ದುರಸ್ತಿಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ನಮಗೆ ಇದರ ಸರಿಯಾದ ಪಾಠವಾದದ್ದು ಕಾಫಿ, ಅಡಿಕೆ ಎರಡೂ ಇಲ್ಲದ ಬೀದರ್ ಸೀಮೆಯಲ್ಲಿ.

ಬೀದರ್ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾದದ್ದು. ಅದನ್ನು ನೋಡಿಬರಲೆಂದು ನಾವು 2024ರ ಜನವರಿಯಲ್ಲಿ ಹೋಗಿದ್ದೆವು. ಬೀದರ್ ಶಹರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ಕಂಡು ನಮ್ಮ ಊರಿನ ನೆನಪಾಯಿತು. ಭಾಲ್ಕಿ ದಾಟಿ ಔರಾದ್ ಕಡೆಗೆ ಹೊರಟರೆ ಎಲ್ಲವೂ ಎರೆಭೂಮಿ. ತೊಗರಿ, ಕಬ್ಬು, ಬದುವಿನ ಮೇಲೆ ಜಾಲಿ. ಅಲ್ಲೊಬ್ಬ ಹಿರಿಯ ರೈತರು ಜಾಲಿ ಕೊಯ್ಯುತ್ತಿರುವಾಗಲೇ ಯಂತ್ರದ ಹಗ್ಗ ಹರಿಯಿತು. ಬೀದರಿಗೆ ಹೋಗಿಬರಲು ಅರ್ಧ ದಿನ ಬೇಕು. ಅವರು ಬದುವಿನ ಮೇಲೆ ಗೋಣಿತಟ್ಟು ಹಾಸಿ ಕುಳಿತರು. ಹೊಸ ಹಗ್ಗ ಕೈಯಲ್ಲಿದ್ದರೂ ಹಾಕಲಿಲ್ಲ. “ಹಗ್ಗ ಹರದದ ಅಂತ ಬರೇ ಹಗ್ಗಾ ಹಾಕಿದ್ರ ಮತ್ತ ಹರೀತದ ಸಾಹೇಬ್ರ. ಯಾಕ ಹರೀತು, ಮೊದಲ ಅದು ನೋಡ್ರಿ” ಎಂದರು.

ನೋಡಿದರೆ, ಹಗ್ಗ ಹೊರಬರುವ ತೂತಿನ ಬಳೆ ಒಂದೇ ಕಡೆ ಸವೆದು ಬ್ಲೇಡಿನಂತೆ ಆಗಿತ್ತು. ಹಗ್ಗವನ್ನು ನೇರ ಮೇಲಕ್ಕೆ ಎಳೆಯದೆ ಓರೆಯಾಗಿ ಎಳೆದರೆ ಹೀಗಾಗುತ್ತದೆ. ನಮ್ಮ ತೋಟಗಳಲ್ಲಿ ಇನ್ನೂ ಒಂದು ಕಾರಣವುಂಟು. ಹಳೆಯ ಪೆಟ್ರೋಲ್, ಮಸಿ ಹಿಡಿದ ಪ್ಲಗ್, ಕಟ್ಟಿಕೊಂಡ ಏರ್ ಫಿಲ್ಟರ್ ಇವುಗಳಿಂದ ಇಂಜಿನ್ ಹಿಡಿಯುವುದಿಲ್ಲ. ನಾವು ಸಿಟ್ಟಿನಿಂದ ಇಪ್ಪತ್ತು ಸಲ ಎಳೆಯುತ್ತೇವೆ. ಹಗ್ಗದ ತಪ್ಪೇನಿದೆ?

ಇನ್ನು ಕೆಲಸ. ಮೊದಲು ಪ್ಲಗ್ಗಿನ ಟೋಪಿ ಕೀಳತಕ್ಕದ್ದು, ಚೈನನ್ನು ಬಿಚ್ಚಿಡತಕ್ಕದ್ದು. ಸ್ಟಾರ್ಟರ್ ಇರುವ ಪಕ್ಕದ ಮುಚ್ಚಳದ ಸ್ಕ್ರೂಗಳನ್ನು ತೆಗೆದರೆ ರಾಟೆ, ಅದರ ಹಿಂದೆ ಗಡಿಯಾರದ ಸ್ಪ್ರಿಂಗಿನಂಥ ಸುರುಳಿ ಪಟ್ಟಿ ಇರುತ್ತದೆ. ಹಗ್ಗ ಹರಿದಿದೆ, ಆದುದರಿಂದ ಸ್ಪ್ರಿಂಗ್ ಸಡಿಲಾಗಿದೆ ಎಂದು ತಿಳಿಯುವುದು ದೊಡ್ಡ ತಪ್ಪು. ತಿರುಚಿದ ಬಿಗಿ ಹೋಗಿರುತ್ತದೆ, ಆದರೆ ಪಟ್ಟಿ ತನ್ನ ಗೂಡಿನೊಳಗೆ ಅದುಮಿಕೊಂಡೇ ಇರುತ್ತದೆ. ಹಿಂದೊಮ್ಮೆ ನಾವು ಇದನ್ನರಿಯದೆ ರಾಟೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿದೆವು. ಪಟ್ಟಿ ಹಾರಿ, ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ನಮ್ಮ ಆಳಿನ ಹುಬ್ಬು ಸೀಳಿತು. ಒಂದು ಬೆರಳಿನಷ್ಟು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಕನ್ನಡಕ, ಕೈಚೀಲ ಹಾಕದೆ ಈ ಮುಚ್ಚಳ ತೆರೆಯಲಾಗದು. ಹಗ್ಗ ಮಾತ್ರ ಬದಲಿಸುವುದಾದರೆ ಬಹಳಷ್ಟು ಯಂತ್ರಗಳಲ್ಲಿ ರಾಟೆಯನ್ನು ಕೀಳುವ ಅಗತ್ಯವೇ ಇಲ್ಲ.

ಹಗ್ಗ ಇನ್ನೂ ಹರಿದಿಲ್ಲ, ಸವೆದಿದೆ ಎಂದಾದರೆ ಬಿಗಿ ಪೂರ್ತಿ ಇರುತ್ತದೆ. ಆಗ ಹಗ್ಗವನ್ನು ಸ್ವಲ್ಪ ಹೊರಗೆಳೆದು, ರಾಟೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಸುತ್ತುಗಳನ್ನು ಒಂದೊಂದಾಗಿ ಬಿಡಿಸಿ ನಿಧಾನವಾಗಿ ಬಿಗಿ ಇಳಿಸಬೇಕು.

ಹೊಸ ಹಗ್ಗ ಹೆಣೆದ ನೈಲಾನಿನದಿರಲಿ. ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ದಾರ ಬೇಡ. ಸಾಮಾನ್ಯವಾಗಿ 3ರಿಂದ 3.5 ಮಿಲಿಮೀಟರ್ ದಪ್ಪ, ಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಹಳೆಯ ತುಂಡುಗಳನ್ನು ಜೋಡಿಸಿ ಅಳೆಯುವುದು ಉತ್ತಮ. ತುದಿಗಳನ್ನು ಬೆಂಕಿಕಡ್ಡಿಗೆ ಹಿಡಿದು ಕರಗಿಸಿ, ಬಳೆಯ ಮೂಲಕ ರಾಟೆಯ ತೂತಿಗೆ ಪೋಣಿಸಿ ಗಂಟು ಹಾಕಿ, ಇನ್ನೊಂದು ತುದಿಗೆ ಹಿಡಿ ಕಟ್ಟಿರಿ. ಸವೆದ ಬಳೆಯನ್ನು ಬದಲಿಸಿರಿ. ಆ ರೈತರು ಅಂದಿನ ಕೆಲಸ ಸಾಗಲೆಂದು ಸಣ್ಣ ಎಮರಿ ಕಾಗದದಿಂದ ಬಳೆಯನ್ನು ಉಜ್ಜಿ ನುಣುಪು ಮಾಡಿದರು.

ಬಿಗಿ ಕೊಡುವುದು ಹೀಗೆ. ರಾಟೆಯ ಅಂಚಿನ ಕಚ್ಚಿನಲ್ಲಿ ಹಗ್ಗವನ್ನು ಕುಣಿಕೆಯಾಗಿ ಹಿಡಿದು, ಹಗ್ಗ ಎಳೆದಾಗ ರಾಟೆ ತಿರುಗುವ ದಿಕ್ಕಿಗೇ ಸುಮಾರು ಆರು ಸುತ್ತು ತಿರುಗಿಸಿರಿ. ರಾಟೆಯನ್ನು ಹಿಡಿದುಕೊಂಡೇ ತಿರುಚಿದ ಹಗ್ಗವನ್ನು ಹೊರಗೆಳೆದು ನೇರ ಮಾಡಿ, ನಿಧಾನವಾಗಿ ಒಳಗೆ ಬಿಡಿರಿ. ಹಿಡಿ ಒರಗದೆ ನೆಟ್ಟಗೆ ಕುಳಿತರೆ ಸರಿ. ಜೋತುಬಿದ್ದರೆ ಇನ್ನೊಂದು ಸುತ್ತು ಬೇಕು. ಬಳಿಕ ಹಗ್ಗವನ್ನು ಪೂರ್ತಿ ಎಳೆದು ಹಿಡಿದು, ರಾಟೆ ಇನ್ನೂ ಅರ್ಧ ಸುತ್ತು ತಿರುಗುವುದೋ ನೋಡಿರಿ. ತಿರುಗದಿದ್ದರೆ ಬಿಗಿ ಹೆಚ್ಚಾಯಿತು, ಒಂದು ಸುತ್ತು ಇಳಿಸಿರಿ. ನಮ್ಮಲ್ಲಿ ಅನೇಕರು ಈ ಪರೀಕ್ಷೆ ಮಾಡದೆ ಮುಚ್ಚಳ ಹಾಕಿಬಿಡುತ್ತಾರೆ. ಸ್ಪ್ರಿಂಗ್ ತುಂಡಾಗುವುದು ಇಲ್ಲಿಯೇ.

ಮುಚ್ಚಳ ಕೂರಿಸುವಾಗ ಹಗ್ಗವನ್ನು ತುಸು ಎಳೆದರೆ ಒಳಗಿನ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಸ್ಕ್ರೂ ಬಿಗಿದು, ಚೈನ್ ಹಾಕಿ, ಪ್ಲಗ್ಗಿನ ಟೋಪಿಯನ್ನು ಕಡೆಯಲ್ಲಿ ಹಾಕಿರಿ. ಯಂತ್ರವನ್ನು ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬಲಗಾಲಿನಿಂದ ಒತ್ತಿಕೊಂಡು, ತಡೆ ಸಿಗುವವರೆಗೆ ಮೆಲ್ಲಗೆ, ಆಮೇಲೆ ಜೋರಾಗಿ ಎಳೆಯಿರಿ. ಕೈಯಲ್ಲಿ ತೂಗಾಡಿಸಿ ಎಳೆಯುವ ಚಾಳಿ ನಮ್ಮ ಹುಡುಗರಲ್ಲಿದೆ, ಅದನ್ನು ಬಿಡಿಸಿರಿ. ಎಳೆದ ಹಿಡಿಯನ್ನು ಪಟ್ಟನೆ ಬಿಡದೆ ಕೈಯಿಂದಲೇ ಒಳಗೆ ಕಳಿಸಿರಿ.

ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರಗಳ ಸ್ಟಾರ್ಟರೂ ಬಹುಮಟ್ಟಿಗೆ ಇದೇ ತರಹದ್ದು. ಸ್ಪ್ರಿಂಗೇ ತುಂಡಾಗಿದ್ದರೆ ಅಥವಾ ಕೊಕ್ಕೆ ಸವೆದು ಹಗ್ಗ ಬರಿದೇ ಓಡುತ್ತಿದ್ದರೆ ಮಾತ್ರ ಯಂತ್ರದ ಮಾಡೆಲ್ ನಂಬರು ಬರೆದುಕೊಂಡು ಅಂಗಡಿಗೆ ಹೋಗಿರಿ.