ಕೀ ಕೊಟ್ಟವಳು ನಾನೇ

ರಾತ್ರಿ ಎಂಟೂವರೆಗೆ ಮಗಳ ಫೋನ್ ಬಂತು. "ಅಮ್ಮಾ, ಪೊಲೀಸರು ಗಾಡಿ ಹಿಡಿದಿದ್ದಾರೆ." ಆಮೇಲೆ ಬರೀ ಅಳು.

ಅವಳಿಗಾಗ 16, ಮೊದಲ ಪಿಯುಸಿ. ನಮ್ಮ ಮನೆ ಇರುವುದು ಮೈಸೂರಿನ ರಿಂಗ್ ರಸ್ತೆಯಾಚೆ. ಟ್ಯೂಷನ್ ಎಂಟಕ್ಕೆ ಮುಗಿದರೆ ಬಡಾವಣೆಯ ಕೊನೆಯ ಬಸ್ಸು ಏಳೂವರೆಗೇ ಹೋಗಿರುತ್ತಿತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಗಿದ್ದು ನಿಜ, ಬಡಾವಣೆಗೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಅದರಿಂದೇನು? ಮುಖ್ಯರಸ್ತೆಯ ಸ್ಟಾಪಿನಲ್ಲಿಳಿದು ಒಂದೂವರೆ ಕಿಲೋಮೀಟರ್ ನಡೆಯಬೇಕು, ಅರ್ಧ ದಾರಿಗೆ ಬೀದಿದೀಪವಿಲ್ಲ. ಎರಡು ಸಲ ಬೈಕಿನವರು ಹಿಂದೆ ಬಿದ್ದಿದ್ದರು. "ಗಾಡಿ ಕೊಡಿ ಅತ್ತಿಗೆ, ಇಲ್ಲಿ ಯಾರು ಹಿಡೀತಾರೆ" ಅಂದವನು ನನ್ನ ಮೈದುನ. ಅವನ ಮೇಲೆ ಇವತ್ತಿಗೂ ಸಿಟ್ಟಿದೆ. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿವರೆಗಿನ ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮದು 110 ಸಿಸಿ, ಅವಳ ಹತ್ತಿರ ಯಾವ ಲೈಸೆನ್ಸೂ ಇರಲಿಲ್ಲ. ಅದು ಗೊತ್ತಿದ್ದೂ ಕೊಟ್ಟೆ.

ಕೋರ್ಟಿನ ಆ ಬೆಳಿಗ್ಗೆಯನ್ನು ಮರೆಯಲಾರೆ. ಹೊಡೆದಾಟದ ಕೇಸಿನವರ ಪಕ್ಕದಲ್ಲಿ ಎರಡು ಗಂಟೆ ನಿಂತಿದ್ದೆ. ಗಾಡಿ ಕೊಟ್ಟ ತಂದೆತಾಯಿಗೆ ಮೂರು ವರ್ಷದವರೆಗೆ ಜೈಲಾಗಬಹುದು ಎಂದು ವಕೀಲರು ಬಾಗಿಲಲ್ಲೇ ಹೇಳಿದ್ದರಿಂದ ಬಾಯಿ ಒಣಗಿತ್ತು. ಹೆಸರು ಕೂಗಿದರು. "ಕೀ ಕೊಟ್ಟವರು ಯಾರು?" "ನಾನೇ ಸ್ವಾಮಿ." ನನ್ನ ದನಿ ನನಗೇ ಕೇಳಲಿಲ್ಲ, ಇನ್ನೊಮ್ಮೆ ಹೇಳಿಸಿದರು. 25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹೊರಗೆ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಮಗಳು ಕೆಮಿಸ್ಟ್ರಿ ಪುಸ್ತಕ ತೆರೆದು ಕೂತಿದ್ದಳು. ನಾನು ಒಳಗೆ ಹೋಗುವಾಗ ಇದ್ದ ಪುಟವೇ ಇತ್ತು. 25 ವರ್ಷವಾಗುವವರೆಗೆ ಅವಳಿಗೆ ಲೈಸೆನ್ಸ್ ಇಲ್ಲ ಅಂದೆ. "ತಪ್ಪು ನಂದೇ ಅಲ್ವಾಮ್ಮ" ಅಂದಳು. ಅವಳನ್ನು ತಬ್ಬಿಕೊಳ್ಳುವುದೂ ನನಗೆ ಆಗ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ನಗರದ ಸಂಚಾರ ಯೋಜನೆಯ ಬಗ್ಗೆ ಸಾರ್ವಜನಿಕರ ಸಭೆ ಕರೆದರು, ಬುಧವಾರ ಬೆಳಿಗ್ಗೆ 11ಕ್ಕೆ. ಮಕ್ಕಳೆಲ್ಲ ಕಾಲೇಜಿನಲ್ಲಿರುವ ಹೊತ್ತು. ರಜೆ ಹಾಕಿ ಹೋಗಿ ಎಂಟು ಗಂಟೆಯ ಬಸ್ಸಿನ ಮಾತೆತ್ತಿದರೆ ಅಧಿಕಾರಿಯೊಬ್ಬರು, "ಮಕ್ಕಳಿಗೆ ಸ್ಕೂಲ್ ವ್ಯಾನ್ ಇರುತ್ತಲ್ಲ ಮೇಡಂ" ಅಂದುಬಿಟ್ಟರು. ವ್ಯಾನು ಟ್ಯೂಷನ್ನಿಗೆ ಬರುತ್ತದೆಯೇ? ಲೈಬ್ರರಿಗೆ, ಕಬಡ್ಡಿ ಪ್ರಾಕ್ಟೀಸಿಗೆ, ಗೆಳತಿಯ ಮನೆಗೆ? ವಾಹನಗಳಿಗಿಂತ ಜನರ ಓಡಾಟ ಮುಖ್ಯ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಹದಿನಾರರವರು ಜನರಲ್ಲವೇ?

ನನ್ನದೂ ಒಂದು ತಪ್ಪಿದೆ. ಆ ಸಭೆಗೂ ಮುಂಚೆ, ಯಾರು ಎಲ್ಲಿಗೆ ಓಡಾಡುತ್ತೀರಿ ಎಂದು ಕೇಳಿಕೊಂಡು ಮನೆಗೆ ಸರ್ವೆಯವನು ಬಂದಿದ್ದ. ನನ್ನ ಆಫೀಸಿನ ದಾರಿಯೊಂದನ್ನೇ ಬರೆಸಿ ಕಳಿಸಿದ್ದೆ. ಮಗಳು ಒಳಗೇ ಓದುತ್ತಿದ್ದಳು, ಕರೆಯಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಏನೇ ಆಗಲಿ ಕೀ ಕೊಡಬೇಡಿ. ಮಕ್ಕಳು ಬರುವ ದಾರಿಯನ್ನು ಒಮ್ಮೆ ಕತ್ತಲಾದ ಮೇಲೆ ನೀವೇ ನಡೆದು ನೋಡಿ, ಉರಿಯದ ಕಂಬಗಳ ನಂಬರ್ ಬರೆದುಕೊಂಡು ದೂರು ಕೊಡಿ. ಸಂಜೆ ಹೊತ್ತು ಸಭೆ ಇಡಿ ಎಂದು ನಾಲ್ಕು ಮನೆಯವರು ಸೇರಿ ಅರ್ಜಿ ಹಾಕಿ. ಸರ್ವೆಯವರು ಬಂದರೆ ಮಕ್ಕಳನ್ನು ಕರೆದು ಮುಂದೆ ಕೂರಿಸಿ, ಅವರೇ ಬರೆಸಲಿ.