ಸದ್ದಿಲ್ಲದೆ ಗೆಲ್ಲೋ ಆಟ: ಗೇಮ್ ವಿಮರ್ಶೆ ಬರೆಯೋದು ಹೇಗೆ?

ಮಕ್ಕಳೇ, ಈ ವರ್ಷ ದೊಡ್ಡ ಮಕ್ಕಳ ತರಗತಿಗೆ ಒಂದು ಹೋಂವರ್ಕ್ ಕೊಟ್ಟಿದ್ದೆ: "ನಿಮಗೆ ಇಷ್ಟವಾದ ಯಾವುದಾದರೂ ಒಂದರ ಬಗ್ಗೆ ವಿಮರ್ಶೆ ಬರೆದು ತನ್ನಿ." ಪುಸ್ತಕ, ಸಿನಿಮಾ, ಊಟ, ಏನಾದರೂ ಸರಿ. ಮೂವರು ಸಿನಿಮಾ ಬಗ್ಗೆ ಬರೆದರು. ಒಬ್ಬಳು ಅಜ್ಜಿ ಮಾಡೋ ಚಿತ್ರಾನ್ನದ ಬಗ್ಗೆ ಬಾಯಲ್ಲಿ ನೀರೂರೋ ಹಾಗೆ ಬರೆದಳು. ಟ್ರಾನ್ಸಿಷನ್ ಇಯರ್‌ನಲ್ಲಿರುವ, ಹದಿನಾರು ತುಂಬಿದ ಒಬ್ಬ ಹುಡುಗ ಮಾತ್ರ ವಿಡಿಯೊ ಗೇಮ್ ಬಗ್ಗೆ ಬರೆದು ತಂದ. ಇಡೀ ವಿಮರ್ಶೆ ಇಷ್ಟೇ:

"ಗೋಲ್ಡನ್‌ಐ ಸೂಪರ್ ಗೇಮ್. ಗ್ರಾಫಿಕ್ಸ್ ಹಳೇದು. ಫ್ರೆಂಡ್ಸ್ ಜೊತೆ ಆಡಿದರೆ ಮಸ್ತ್. ಹತ್ತಕ್ಕೆ ಒಂಬತ್ತು."

ಅವನನ್ನು ಕರೆದುಕೊಂಡು ಹೋಗಲು ಬಂದಿದ್ದ ಅವರಪ್ಪ ಅದನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡರು. "ಮೇಡಂ, ಮನೇಲಿ ಈ ಗುಂಡು ಹಾರಿಸೋ ಆಟದ್ದೇ ಜಗಳ. ಕನ್ನಡ ಶಾಲೆಗೂ ಅದು ಬೇಕಾ? ಬೇರೆ ಏನಾದರೂ ಬರೆಸಿ." ನಾನು ಹೇಳಿದೆ: "ಒಂದು ವಾರ ಟೈಮ್ ಕೊಡಿ. ಅವನು ಸರಿಯಾಗಿ ಬರೆದರೆ ಆ ಆಟ ಬೇಕೋ ಬೇಡವೋ ಅಂತ ಅದನ್ನು ಓದಿ ನೀವೇ ತೀರ್ಮಾನ ಮಾಡಬಹುದು." ಇಷ್ಟು ದೊಡ್ಡ ಮಾತಾಡಿದ ಮೇಲೆ ನಾನೂ ಆಡಿ ನೋಡಲೇಬೇಕಾಯಿತು. ಮೊದಲನೇ ಹಂತದಲ್ಲೇ ಏಳು ಸಲ ಸತ್ತೆ. ಪರವಾಗಿಲ್ಲ, ಪಾಠಕ್ಕೆ ಬೇಕಾದಷ್ಟು ಸಿಕ್ಕಿತು.

ಮೊದಲು ನಮ್ಮ ಊರಿಗೂ ಈ ಆಟಕ್ಕೂ ಇರುವ ನಂಟು ಹೇಳ್ತೀನಿ. 1995ರ ಗೋಲ್ಡನ್‌ಐ ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಆದವರು ಪಿಯರ್ಸ್ ಬ್ರಾಸ್ನನ್. ಅವರು ಹುಟ್ಟಿದ್ದು ಇಲ್ಲೇ, ಡ್ರೋಹೆಡಾದ ಅವರ್ ಲೇಡಿ ಆಫ್ ಲೂರ್ಡ್ಸ್ ಆಸ್ಪತ್ರೆಯಲ್ಲಿ, 1953ರ ಮೇ 16ರಂದು. ನಿಮ್ಮಲ್ಲೂ ಕೆಲವರು ಹುಟ್ಟಿದ್ದು ಅದೇ ಹೆಸರಿನ ಆಸ್ಪತ್ರೆಯಲ್ಲಿ, ಅಲ್ವಾ? ಬೆಳೆದದ್ದು ಪಕ್ಕದ ನಾವನ್‌ನಲ್ಲಿ. ಅವರ ಅಮ್ಮ ನರ್ಸ್ ಕೆಲಸಕ್ಕೆ ಲಂಡನ್‌ಗೆ ಹೋದಾಗ ಹುಡುಗ ಅಜ್ಜ ಅಜ್ಜಿಯ ಜೊತೆ ಉಳಿದ. ಈ ಕಥೆ ನಮ್ಮ ಕೆಲವು ಮನೆಗಳಿಗೆ ಹೊಸದಲ್ಲ. ಅಮ್ಮ ಇಲ್ಲಿ ಡ್ಯೂಟಿಗೆ, ಮಗು ಊರಲ್ಲಿ ಅಜ್ಜಿ ಹತ್ತಿರ ಅಂತ ಒಂದೆರಡು ವರ್ಷ ಕಳೆದವರು ನಮ್ಮಲ್ಲೂ ಇದ್ದಾರೆ. ಹನ್ನೊಂದನೇ ವಯಸ್ಸಿಗೆ ಅಮ್ಮನ ಹತ್ತಿರ ಲಂಡನ್‌ಗೆ ಹೋದ ಹುಡುಗ ಅಲ್ಲಿ ನೋಡಿದ ಸಿನಿಮಾ 'ಗೋಲ್ಡ್‌ಫಿಂಗರ್', ಅದೂ ಬಾಂಡ್ ಚಿತ್ರವೇ!

ಬಾಂಡ್ ಅಂದರೆ ನಮ್ಮ ಅಪ್ಪ ಅಮ್ಮಂದಿರಿಗೆ ಇನ್ನೊಬ್ಬರು ನೆನಪಾಗಬೇಕು. 1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಬಂದರು. ದೊರೈ-ಭಗವಾನ್ ಜೋಡಿಯ ನಿರ್ದೇಶನ. ಆಮೇಲೆ ಗೋವಾಕ್ಕೂ ಹೋದರು, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಕೂಡ ಮಾಡಿದರು. ಅದರ ಮೇಲೆ ಯಾರಾದರೂ ಗೇಮ್ ಮಾಡಿದರೆ ನಾನೇ ಮೊದಲು ಕೊಂಡುಕೊಳ್ತೀನಿ.

ಸರಿ, ಪಾಠಕ್ಕೆ ಬರೋಣ. ಹುಡುಗನ ಹತ್ತಿರ ಕೂತು ಒಂದೊಂದೇ ಪ್ರಶ್ನೆ ಕೇಳಿದೆ.

"ಇದನ್ನ ಯಾರು ಮಾಡಿದ್ದು? ಯಾವಾಗ?" ಅವನಿಗೆ ಗೊತ್ತಿರಲಿಲ್ಲ, ಹುಡುಕಿಕೊಂಡು ಬಂದ. ಇಂಗ್ಲೆಂಡಿನ ರೇರ್ ಅನ್ನೋ ಕಂಪನಿ, ನಿಂಟೆಂಡೊ 64 ಕನ್ಸೋಲ್‌ಗಾಗಿ, 1997ರ ಆಗಸ್ಟ್‌ನಲ್ಲಿ ಬಿಡುಗಡೆ. ತಂಡದ ಮುಖ್ಯಸ್ಥ ಮಾರ್ಟಿನ್ ಹಾಲಿಸ್. ತಂಡ ಚಿಕ್ಕದು, ಹೆಚ್ಚಿನವರು ಅದಕ್ಕೆ ಮುಂಚೆ ಒಂದು ಗೇಮನ್ನೂ ಮಾಡಿರಲಿಲ್ಲ. ಇಡೀ ಆಟ ಹಿಡಿಸಿದ್ದು 12 ಮೆಗಾಬೈಟಿನ ಒಂದು ಕಾರ್ಟ್ರಿಡ್ಜ್‌ನಲ್ಲಿ. ಇವತ್ತು ಫೋನಲ್ಲಿ ತೆಗೆಯೋ ನಾಲ್ಕೈದು ಫೋಟೊ ಅಷ್ಟಾಗುತ್ತೆ. ಅದು 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2023ರ ಜನವರಿಯಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್‌ಗೆ ಮತ್ತೆ ಬಂತು. ನಮ್ಮ ಹುಡುಗನ ಕೈಗೆ ಸಿಕ್ಕಿದ್ದು ಆಗ.

ಲೆಕ್ಕ ಹಾಕಿ ನೋಡಿದರಾ? ಸಿನಿಮಾ ಬಂದು ಎರಡು ವರ್ಷದ ಹತ್ತಿರ ಆದ ಮೇಲೆ ಗೇಮ್! ಸಿನಿಮಾದ ಗೇಮುಗಳನ್ನು ಸಾಮಾನ್ಯವಾಗಿ ಸಿನಿಮಾ ಓಡುತ್ತಿರುವಾಗಲೇ ಮಾರಬೇಕು ಅಂತ ಗಡಿಬಿಡಿಯಲ್ಲಿ ಮಾಡ್ತಾರೆ. 1982ರಲ್ಲಿ 'ಇ.ಟಿ.' ಸಿನಿಮಾದ ಆಟವನ್ನು ಅಟಾರಿ ಕಂಪನಿ ಐದಾರು ವಾರದಲ್ಲಿ ಮಾಡಿಸಿತು. ಉಳಿದುಹೋದ ಕಾರ್ಟ್ರಿಡ್ಜ್‌ಗಳು ಕಡೆಗೆ ಅಮೆರಿಕದ ಒಂದು ಕಸದ ಗುಂಡಿ ಸೇರಿದವು. 2014ರಲ್ಲಿ ಅದನ್ನು ಅಗೆದು ತೆಗೆದೂ ಆಯಿತು. ಗೋಲ್ಡನ್‌ಐಗೆ ಸಿಕ್ಕ ಟೈಮೇ ಅದರ ಅದೃಷ್ಟ ಅಂತ ನನಗನ್ನಿಸುತ್ತೆ.

ಮುಂದಿನ ಪ್ರಶ್ನೆ: "ಆಡುವವನು ಏನು ಮಾಡಬೇಕು?" ಹುಡುಗ ತಟ್ಟನೆ "ಶೂಟ್ ಮಾಡಬೇಕು ಆಂಟಿ" ಅಂದ. "ಹೌದಾ? ನಾನು ಶೂಟ್ ಮಾಡಿದಾಗೆಲ್ಲ ಸತ್ತೆನಲ್ಲ, ಯಾಕೆ?" ಅಂದೆ. ಆಗ ಶುರುವಾಯಿತು ನೋಡಿ ನಿಜವಾದ ವಿಮರ್ಶೆ.

ಮೊದಲ ಹಂತದ ಹೆಸರು ಡ್ಯಾಮ್, ಅಂದರೆ ಅಣೆಕಟ್ಟು. ಸಿನಿಮಾದ ಶುರುವಿನಲ್ಲಿ ಬಾಂಡ್ ಕಾಲಿಗೆ ಹಗ್ಗ ಕಟ್ಟಿಕೊಂಡು ಹಾರುವ ಜಾಗ. ಕಥೆಯಲ್ಲಿ ಅದು ರಷ್ಯಾ, ನಿಜವಾಗಿ ಚಿತ್ರ ತೆಗೆದದ್ದು ಸ್ವಿಟ್ಜರ್‌ಲೆಂಡಿನ 220 ಮೀಟರ್ ಎತ್ತರದ ವೆರ್ಜಾಸ್ಕಾ ಅಣೆಕಟ್ಟಿನಲ್ಲಿ. ಆಟದಲ್ಲಿ ನಿಮ್ಮ ಕೈಯಲ್ಲಿ ಮೊದಲು ಇರೋದು ಸದ್ದಡಗಿಸಿದ ಒಂದು ಪಿಸ್ತೂಲು. ಕಾವಲುಗಾರರ ಹತ್ತಿರ ದೊಡ್ಡ ಬಂದೂಕು ಇರುತ್ತೆ. ಒಬ್ಬ ಬಿದ್ದರೆ ಅದು ನಿಮಗೇ ಸಿಗುತ್ತೆ. ಟರ್ ಅಂತ ಹೊಡೆಯಬಹುದು, ಖುಷಿಯಾಗುತ್ತೆ. ಆದರೆ ಆ ಸದ್ದು ಕೇಳಿ ಅಲ್ಲಿ ಇಲ್ಲಿ ಇದ್ದ ಕಾವಲುಗಾರರೆಲ್ಲ ಓಡಿ ಬರ್ತಾರೆ. ಅಲಾರಂ ಒತ್ತಿದರಂತೂ ಮುಗೀತು. ಈ ಆಟದಲ್ಲಿ ತಾನಾಗಿ ಗಾಯ ಮಾಯೋದಿಲ್ಲ. ಒಮ್ಮೆ ಕಳೆದುಕೊಂಡ ಜೀವ ಆ ಹಂತ ಮುಗಿಯೋವರೆಗೂ ಹೋಯಿತು ಅಂತಲೇ ಲೆಕ್ಕ, ಎಲ್ಲಾದರೂ ಕವಚ ಸಿಕ್ಕರೆ ಅಷ್ಟೇ ಆಸರೆ. ಹಾಗಾಗಿ ಸದ್ದು ಮಾಡಿದವನಿಗೆ ಆಟವೇ ಶಿಕ್ಷೆ ಕೊಡುತ್ತೆ. ಇದು ಎಲ್ಲೂ ಬರೆದಿಲ್ಲ. ಏಳು ಸಲ ಸತ್ತ ಮೇಲೆ ಗೊತ್ತಾಗುತ್ತೆ.

"ಇದಕ್ಕೆ ಇಂಗ್ಲಿಷಲ್ಲಿ ಸ್ಟೆಲ್ತ್ ಅಂತಾರೆ, ಕನ್ನಡದಲ್ಲಿ ಏನಂತಾರೆ?" ಅಂತ ಅವನೇ ಕೇಳಿದ. ಬೋರ್ಡಿನ ಮೇಲೆ ಇಡೀ ತರಗತಿ ಸೇರಿ ಬರೆದೆವು. ಶತ್ರು ಬರಲಿ ಅಂತ ಮರೆಯಲ್ಲಿ ಕಾಯುವುದು ಹೊಂಚು ಹಾಕುವುದು. ಕಿರಿದಾದ ಸಂದಿಯಲ್ಲಿ ಮೈ ತೂರಿಸಿ ಹೋಗುವುದು ನುಸುಳುವುದು. ನೋಡುವವನ ನೋಟಕ್ಕೆ ಬೀಳದೆ ಜಾರಿಕೊಳ್ಳುವುದು ಕಣ್ತಪ್ಪಿಸುವುದು. ಸದ್ದಾಗದಂತೆ ಇಡುವ ಹೆಜ್ಜೆ ಕಳ್ಳಹೆಜ್ಜೆ. ಒಂದು ಇಂಗ್ಲಿಷ್ ಪದಕ್ಕೆ ನಾಲ್ಕು ಕನ್ನಡ ಪದ, ನಾಲ್ಕಕ್ಕೂ ಬೇರೆ ಬೇರೆ ಅರ್ಥ! ಅಣೆಕಟ್ಟಿನ ಕಾವಲುಗೋಪುರದ ಹಿಂದೆ ನೀವು ಮಾಡೋದು ಹೊಂಚು. ಎರಡನೇ ಹಂತ ಫೆಸಿಲಿಟಿ ಶುರುವಾಗೋದು ಟಾಯ್ಲೆಟ್ ಮೇಲಿನ ಗಾಳಿಕೊಳವೆಯಲ್ಲಿ, ಅಲ್ಲಿ ಮಾಡೋದು ನುಸುಳು. ಯಾವುದು ಎಲ್ಲಿ ಅಂತ ಹೇಳಲು ಬಂದರೆ ಆಟ ಆಡದವರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತೆ. ಕಣ್ಣಾಮುಚ್ಚಾಲೆ ಆಡಿದವರಿಗೆ ಈ ಪದಗಳನ್ನೆಲ್ಲ ಕಲಿಸಬೇಕಾಗಿಯೇ ಇಲ್ಲ ಅನ್ನಿ.

ಆಮೇಲೆ ಕೇಳಿದ್ದು: "ಕಷ್ಟ ಹೇಗೆ ಹೆಚ್ಚುತ್ತೆ?" ಬಹಳ ಆಟಗಳಲ್ಲಿ ಕಷ್ಟ ಅಂದರೆ ಶತ್ರುಗಳಿಗೆ ಬಲ ಜಾಸ್ತಿ, ನಮಗೆ ಕಡಿಮೆ. ಇಲ್ಲಿ ಅದರ ಜೊತೆಗೆ ಕೆಲಸವೂ ಹೆಚ್ಚುತ್ತೆ. ಸುಲಭದ ಮಟ್ಟದಲ್ಲಿ ಅಣೆಕಟ್ಟಿನಿಂದ ಹಾರಿದರೆ ಸಾಕು. ಮುಂದಿನ ಮಟ್ಟದಲ್ಲಿ ಅಲಾರಂಗಳನ್ನೆಲ್ಲ ಕೆಡಿಸಿ ಹಾರಬೇಕು. ಅತಿ ಕಷ್ಟದ ಮಟ್ಟದಲ್ಲಿ ಒಳಗೆ ಹೋಗಿ ಗುಟ್ಟಾಗಿ ಒಂದು ಮೋಡೆಮ್ ಕೂಡಿಸಿ, ಮಾಹಿತಿಯನ್ನೂ ಕದ್ದು ಬರಬೇಕು. ಅಂದರೆ ಅದೇ ಜಾಗವನ್ನು ಮೂರು ಸಲ ಹೊಸದಾಗಿ ನೋಡ್ತೀರಿ. ಫೆಸಿಲಿಟಿಯಲ್ಲಿ ವಿಜ್ಞಾನಿಗಳೂ ಓಡಾಡ್ತಾರೆ, ಅವರು ಶತ್ರುಗಳಲ್ಲ. ಸಿಕ್ಕಸಿಕ್ಕ ಕಡೆ ಗುಂಡು ಹಾರಿಸಿ ಅವರನ್ನು ಕೊಂದರೆ ನೀವು ಫೇಲ್. ಇದನ್ನು ಕೇಳಿ ಹುಡುಗನ ಅಪ್ಪ ಮೊದಲ ಬಾರಿಗೆ "ಓಹೋ" ಅಂದರು.

ತಪ್ಪುಗಳನ್ನೂ ಬರೀಬೇಕು. ಇಷ್ಟವಾದದ್ದರ ತಪ್ಪು ಹೇಳಲು ಆಗದಿದ್ದರೆ ಅದು ವಿಮರ್ಶೆ ಅಲ್ಲ, ಜಾಹೀರಾತು. ಮುಖಗಳು ಇಟ್ಟಿಗೆಗೆ ಫೋಟೊ ಅಂಟಿಸಿದ ಹಾಗಿವೆ. ಕಾವಲುಗಾರರ ಮುಖಕ್ಕೆ ತಂಡದವರು ತಮ್ಮದೇ ಫೋಟೊ ಬಳಸಿದ್ದರಂತೆ, ಅದು ತಮಾಷೆ. ಬ್ರಾಸ್ನನ್ ಮುಖ ಇದೆ, ದನಿ ಇಲ್ಲ. ಯಾರೂ ಮಾತಾಡೋದೇ ಇಲ್ಲ, ಎಲ್ಲ ಓದಿಕೊಳ್ಳಬೇಕು. ಮುಂದೆ ಕಾಡಿನಂಥ ಹಂತಗಳಲ್ಲಿ ಸದ್ದಡಗಿಸೋ ಮಾತೇ ಮರೆತು ಬರೀ ಗುಂಡಿನ ಮಳೆ. ಅಲ್ಲಿ ನನಗೆ ಬೇಜಾರಾಯಿತು. ಇನ್ನು ನಾಲ್ಕು ಜನ ಒಂದೇ ಟಿವಿಯಲ್ಲಿ ಆಡೋ ಭಾಗ: ಪರದೆ ನಾಲ್ಕು ಪಾಲಾಗುತ್ತೆ, ನೀವು ಎಲ್ಲಿ ಅಡಗಿದ್ದೀರಿ ಅಂತ ಪಕ್ಕದವನು ನಿಮ್ಮ ಪಾಲಿಗೆ ಕಣ್ಣು ಹಾಕಿ ನೋಡ್ತಾನೆ! ಹೊಂಚು ಹಾಕೋ ಆಟದಲ್ಲಿ ಹೊಂಚೇ ಸಾಧ್ಯವಿಲ್ಲ. ಆದರೂ ಎಲ್ಲರಿಗೂ ಇಷ್ಟವಾಗಿದ್ದು ಇದೇ. ಕೆಲಸ ಮುಗಿಯೋಕೆ ಸುಮಾರು ಆರು ತಿಂಗಳಿದ್ದಾಗ ಇದನ್ನು ಸೇರಿಸಿದ್ದಂತೆ.

ಇನ್ನು ಅಪ್ಪನ ಪ್ರಶ್ನೆ. ಎಷ್ಟೇ ಮೆಲ್ಲಗೆ ನಡೆದರೂ ಇದರಲ್ಲಿ ಮನುಷ್ಯರ ಮೇಲೆ ಗುಂಡು ಹಾರಿಸಬೇಕು, ಅದನ್ನು ಮುಚ್ಚಿಡಬಾರದು. ಮಾರಿಯೊ ಆಟದ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಅವರಿಗೂ ಹಾಗೇ ಅನಿಸಿತ್ತು. ಆಟ ಸಿದ್ಧವಾಗುವಾಗ ನೋಡಿ ಅವರು ಫ್ಯಾಕ್ಸ್ ಕಳಿಸಿದರಂತೆ: ಹತ್ತಿರದಿಂದ ಕೊಲ್ಲೋದು ಜಾಸ್ತಿಯಾಯಿತು, ಕೊನೆಗೆ ಬಾಂಡ್ ಆಸ್ಪತ್ರೆಗೆ ಹೋಗಿ ಶತ್ರುಗಳ ಕೈ ಕುಲುಕಿದರೆ ಹೇಗೆ? ಹಾಲಿಸ್ ಅದನ್ನು ಹಾಗೇ ಮಾಡಲಿಲ್ಲ. ಆದರೆ ಕೊನೆಯಲ್ಲಿ ಪಾತ್ರಗಳನ್ನೆಲ್ಲ ಸಿನಿಮಾದ ಪಾತ್ರವರ್ಗದಂತೆ ಒಬ್ಬೊಬ್ಬರಾಗಿ ತೋರಿಸಿ, ಇದೆಲ್ಲ ನಟನೆ ಅಂತ ನೆನಪಿಸಿದರು. ಅಷ್ಟು ಸಾಕಾ? ನಮ್ಮ ತರಗತಿಯಲ್ಲಿ ಅರ್ಧ ಜನ ಸಾಕು ಅಂದರು, ಅರ್ಧ ಜನ ಸಾಲದು ಅಂದರು. ಚಿಕ್ಕ ಮಕ್ಕಳಿಗೆ ಈ ಆಟ ಬೇಡ ಅನ್ನೋದು ನನ್ನ ಅಭಿಪ್ರಾಯ. ಪೋಷಕರೇ, ಯುರೋಪಿನಲ್ಲಿ ಗೇಮ್‌ಗಳ ಮೇಲೆ ಪೆಗಿ ಗುರುತು ಇರುತ್ತೆ: 3, 7, 12, 16, 18. ಅದು ಆಟ ಎಷ್ಟು ಕಷ್ಟ ಅಂತ ಹೇಳೋ ಸಂಖ್ಯೆ ಅಲ್ಲ, ಯಾವ ವಯಸ್ಸಿನವರಿಗೆ ತಕ್ಕದ್ದು ಅಂತ ಹೇಳೋದು. "ನನ್ನ ಮಗಳು ಜಾಣೆ, 16ರ ಆಟವನ್ನೂ ಆಡ್ತಾಳೆ" ಅನ್ನೋರು ಇದನ್ನು ದಯವಿಟ್ಟು ಗಮನಿಸಿ.

ಮುಂದಿನ ಶನಿವಾರ ಹುಡುಗ ತಂದ ವಿಮರ್ಶೆಯ ಕೊನೆಯ ಭಾಗ, ಅವನ ಮಾತಲ್ಲೇ:

"ಮೊದಲು ನಾನು ದೊಡ್ಡ ಬಂದೂಕು ಸಿಕ್ಕ ತಕ್ಷಣ ತಗೋತಿದ್ದೆ. ಈಗ ಅದನ್ನ ಇಟ್ಕೊಂಡಿರ್ತೀನಿ, ಬಳಸಲ್ಲ. ಕಳ್ಳಹೆಜ್ಜೆ ಇಟ್ಟು ಕಾವಲುಗಾರನ ಬೆನ್ನ ಹಿಂದೆ ನಿಂತಾಗ ಎದೆ ಡವ ಡವ ಅನ್ನುತ್ತೆ, ಅದು ಹಳೇ ಗ್ರಾಫಿಕ್ಸಲ್ಲೂ ಅನ್ನುತ್ತೆ. ಕಾಡಿನ ಹಂತ ಬೋರು. ತಂಗಿ ರೂಮಲ್ಲಿ ಇದ್ದಾಗ ಆಡಲ್ಲ. ಹತ್ತಕ್ಕೆ ಏಳು."

ಒಂಬತ್ತು ಏಳಾಗಿದ್ದು ಯಾಕೆ ಅಂತ ಅವರಪ್ಪ ಕೇಳಿದರು. "ಈಗ ಯೋಚನೆ ಮಾಡಿ ಕೊಟ್ಟೆ ಅಪ್ಪಾ" ಅಂದ. ಆಟ ಮನೆಯಲ್ಲಿ ಉಳಿದಿದೆ, ಶನಿವಾರ ಸಂಜೆ ಮಾತ್ರ. ಅಪ್ಪ ಡ್ಯಾಮ್ ಹಂತ ಇನ್ನೂ ದಾಟಿಲ್ಲವಂತೆ.

ಈಗ ನಿಮ್ಮ ಸರದಿ. ನೀವು ಆಡಿದ ಒಂದು ಆಟ ತಗೊಳ್ಳಿ. ಲೂಡೊ ಆದರೂ ಸರಿ, ಲಗೋರಿ ಆದರೂ ಸರಿ. ಅದರಲ್ಲಿ ಏನು ಮಾಡಿದರೆ ಗೆಲುವು, ಏನು ಮಾಡಿದರೆ ಶಿಕ್ಷೆ ಅಂತ ಒಂದು ಪುಟ ಬರೆಯಿರಿ. ಹೊಂಚು, ನುಸುಳು, ಕಣ್ತಪ್ಪಿಸು, ಕಳ್ಳಹೆಜ್ಜೆ, ಇವುಗಳಲ್ಲಿ ಎರಡು ಪದವಾದರೂ ಬರಲಿ. 'ಸೂಪರ್' ಅನ್ನೋ ಪದ ಒಂದು ಸಲ ಮಾತ್ರ. ಅಂಕ ಕೊನೆಯಲ್ಲಿ ಕೊಡಿ, ಮೊದಲೇ ಬೇಡ.